ಮಾದಕವಸ್ತುಗಳ ಮಾರಾಟವನ್ನು ತಡೆಯುವ ಬಗೆ: ಠಾಣೆಯ ಕೆಲಸ, ಊರಿನ ಕೆಲಸ, ಮನೆಯ ಕೆಲಸ

ಮನೆಯಲ್ಲಿ ಒಬ್ಬರಿಗೆ ಕ್ಷಯವೋ ಕಾಮಾಲೆಯೋ ತಗಲಿದರೆ ಮನೆಮಂದಿ ಕೂಡಲೇ ವೈದ್ಯರ ಬಳಿಗೆ ಧಾವಿಸುತ್ತಾರೆ. ನೆರೆಹೊರೆಯವರೂ ಬಂದು ವಿಚಾರಿಸಿಕೊಂಡು ಹೋಗುತ್ತಾರೆ. ಅದೇ ಮನೆಯ ಹುಡುಗನು ಗಾಂಜಾ ಸೇದುವ ಚಟಕ್ಕೆ ಬಿದ್ದನೆಂದು ತಿಳಿದರೆ ಮಾತ್ರ ಮನೆಯ ಬಾಗಿಲು ಮುಚ್ಚಿಕೊಳ್ಳುತ್ತದೆ. ತಾಯಿ ತಂದೆಗೆ ಹೇಳುವುದಿಲ್ಲ. ತಂದೆ ಉಪಾಧ್ಯಾಯರಿಗೆ ಹೇಳುವುದಿಲ್ಲ. ನೆರೆಯವರಿಗೆ ತಿಳಿದರೆ ಮಾನ ಹೋದೀತು, ಪೊಲೀಸರಿಗೆ ತಿಳಿದರೆ ಮಗನು ಸೆರೆಮನೆ ಸೇರಿಯಾನು ಎಂಬ ಅಂಜಿಕೆ. ಈ ಅಂಜಿಕೆಯಿಂದಾಗಿ ಆ ವಸ್ತುವನ್ನು ಮಾರಿದವನ ಹೆಸರೂ ಹೊರಬೀಳುವುದಿಲ್ಲ. ಮಾದಕವಸ್ತುವಿನ ವ್ಯಾಪಾರಿಗೆ ಹಣಕ್ಕಿಂತ ದೊಡ್ಡ ಬಂಡವಾಳವೆಂದರೆ ಈ ಮೌನವೇ.

ಈ ಮೌನವನ್ನು ಮುರಿಯಬೇಕಾದರೆ ಕಾನೂನು ಏನು ಹೇಳುತ್ತದೆ, ಪೊಲೀಸರು ಹೇಗೆ ಕೆಲಸ ಮಾಡುತ್ತಾರೆ, ಆಸ್ಪತ್ರೆ, ಶಾಲೆ ಮತ್ತು ಪಂಚಾಯಿತಿಗಳ ಪಾಲು ಎಷ್ಟು ಎಂಬುದನ್ನು ಪ್ರತಿಯೊಂದು ಕುಟುಂಬವೂ ಅರಿತಿರಬೇಕು. ಮಾರುವವನನ್ನೂ ಚಟಕ್ಕೆ ಸಿಕ್ಕಿದವನನ್ನೂ ಕಾನೂನು ಒಂದೇ ತಕ್ಕಡಿಯಲ್ಲಿ ತೂಗುವುದಿಲ್ಲ. ಇದನ್ನು ತಿಳಿದ ಮನೆಯವರು ಅಂಜುವ ಕಾರಣವಿರುವುದಿಲ್ಲ.

ವ್ಯಾಪಾರ ನಡೆಯುವ ರೀತಿ

ಮಾದಕವಸ್ತುವಿನ ವ್ಯಾಪಾರವು ಸಂತೆಯ ವ್ಯಾಪಾರದಂತೆ ಎಲ್ಲರ ಕಣ್ಣೆದುರಿಗೆ ನಡೆಯುವುದಿಲ್ಲ. ಅದು ಹಲವು ಕೈಗಳನ್ನು ದಾಟಿ ಬರುತ್ತದೆ. ಗಾಂಜಾದ ಮಾತನ್ನೇ ತೆಗೆದುಕೊಂಡರೆ, ಆಂಧ್ರಪ್ರದೇಶ ಮತ್ತು ಒಡಿಶಾ ರಾಜ್ಯಗಳ ಗಡಿಯಲ್ಲಿರುವ ಪೂರ್ವಘಟ್ಟದ ಬೆಟ್ಟಗಳಲ್ಲಿ ಬೆಳೆದ ಸರಕು ರೈಲು, ಬಸ್ಸು, ಲಾರಿಗಳ ಮೂಲಕ ನಮ್ಮ ರಾಜ್ಯಕ್ಕೂ ಬರುತ್ತದೆ. ಇಲ್ಲಿಯೂ ಕೆಲವೆಡೆ ಹೊಲದ ಬೆಳೆಗಳ ನಡುವೆ ಗಿಡಗಳನ್ನು ಮರೆಮಾಚಿ ಬೆಳೆಸಿದ್ದು ಪತ್ತೆಯಾಗಿದೆ. ತಂದವನು ದಾಸ್ತಾನುಗಾರನಿಗೆ ಒಪ್ಪಿಸುತ್ತಾನೆ. ದಾಸ್ತಾನುಗಾರನು ಸಣ್ಣ ಸಣ್ಣ ಪೊಟ್ಟಣಗಳನ್ನು ಕಟ್ಟಿಸಿ ಬೀದಿಯ ಮಾರಾಟಗಾರನಿಗೆ ಹಂಚುತ್ತಾನೆ. ನಗರಗಳಲ್ಲಿ ಎಂ.ಡಿ.ಎಂ.ಎ. ಮೊದಲಾದ ರಾಸಾಯನಿಕ ಮಾದಕಗಳು ಮೊಬೈಲ್ ಫೋನಿನ ಸಂದೇಶದ ಮೇಲೆ, ಅಂಚೆ ಮತ್ತು ಕೊರಿಯರ್ ಪೊಟ್ಟಣಗಳ ಒಳಗೆ ಅಡಗಿ ಬರುವುದೂ ಉಂಟು. ವೈದ್ಯರ ಚೀಟಿಯಿಲ್ಲದೆ ಮಾರುವ ಟ್ರಮಡಾಲ್, ಆಲ್ಪ್ರಜೋಲಾಮ್ ಮುಂತಾದ ಮಾತ್ರೆಗಳೂ ಕೊಡೀನ್ ಬೆರೆತ ಕೆಮ್ಮಿನ ಔಷಧಿಯೂ ಇದೇ ಸಾಲಿಗೆ ಸೇರುತ್ತವೆ.

ಈ ಸರಪಳಿಯ ಕೊನೆಯ ಕೊಂಡಿಯಲ್ಲಿರುವವನು ಅನೇಕ ವೇಳೆ ತಾನೇ ವ್ಯಸನಿಯಾಗಿರುತ್ತಾನೆ. ಮೊದಲು ಗೆಳೆಯರು ಪುಕ್ಕಟೆ ಕೊಡುತ್ತಾರೆ. ಆಮೇಲೆ ಕಾಸು ಕೇಳುತ್ತಾರೆ. ಕಾಸು ಮುಗಿದಾಗ, ‘ನಾಲ್ಕು ಪೊಟ್ಟಣ ಮಾರಿಕೊಟ್ಟರೆ ನಿನ್ನದು ನಿನಗೆ’ ಎನ್ನುತ್ತಾರೆ. ಹೀಗೆ ಕೊಳ್ಳುವವನೇ ಮಾರುವವನಾಗುತ್ತಾನೆ. ಪೊಲೀಸರಿಗೆ ಸುಲಭವಾಗಿ ಸಿಕ್ಕಿಬೀಳುವವನೂ ಇವನೇ. ಹಿಂದೆ ನಿಂತ ದಾಸ್ತಾನುಗಾರನು ಮರುದಿನವೇ ಮತ್ತೊಬ್ಬ ಹುಡುಗನನ್ನು ಹುಡುಕಿಕೊಳ್ಳುತ್ತಾನೆ.

ಈ ಪಿಡುಗು ಎಷ್ಟು ವಿಸ್ತಾರವಾದುದು ಎಂಬುದನ್ನು ಕೇಂದ್ರ ಸಾಮಾಜಿಕ ನ್ಯಾಯ ಸಚಿವಾಲಯಕ್ಕಾಗಿ ದೆಹಲಿಯ ಅಖಿಲ ಭಾರತ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯು ನಡೆಸಿ 2019ರಲ್ಲಿ ಪ್ರಕಟಿಸಿದ ಸಮೀಕ್ಷೆಯಿಂದ ತಿಳಿಯಬಹುದು. ಅದರಂತೆ ದೇಶದಲ್ಲಿ 10ರಿಂದ 75 ವರ್ಷ ವಯಸ್ಸಿನವರ ಪೈಕಿ ಸುಮಾರು 3.1 ಕೋಟಿ ಜನರು ಗಾಂಜಾ, ಭಂಗಿ ಮುಂತಾದವನ್ನೂ, ಸುಮಾರು 2.26 ಕೋಟಿ ಜನರು ಅಫೀಮು, ಹೆರಾಯಿನ್ ಮುಂತಾದವನ್ನೂ ಬಳಸುತ್ತಿದ್ದರು. ನಿಷಿದ್ಧ ಮಾದಕಗಳಿಗೆ ದಾಸರಾದವರಲ್ಲಿ ಆಸ್ಪತ್ರೆಗೆ ದಾಖಲಾಗಿ ಚಿಕಿತ್ಸೆ ಪಡೆದಿದ್ದವರು 20 ಮಂದಿಗೆ ಒಬ್ಬರು ಮಾತ್ರ. ಉಳಿದ 19 ಮಂದಿ ಆಸ್ಪತ್ರೆಯ ಹಾಸಿಗೆಯನ್ನು ಕಂಡೇ ಇರಲಿಲ್ಲ.

ಕಾನೂನು ಏನು ಹೇಳುತ್ತದೆ?

ಮಾದಕ ದ್ರವ್ಯಗಳು ಮತ್ತು ಮನಸ್ಸಿನ ಮೇಲೆ ಪರಿಣಾಮ ಬೀರುವ ಪದಾರ್ಥಗಳಿಗೆ ಸಂಬಂಧಿಸಿದ ಕೇಂದ್ರ ಕಾಯಿದೆಯು 1985ರ ನವೆಂಬರ್ 14ರಂದು ಜಾರಿಗೆ ಬಂದಿತು. ಎನ್.ಡಿ.ಪಿ.ಎಸ್. ಕಾಯಿದೆ ಎಂದು ಪತ್ರಿಕೆಗಳಲ್ಲಿ ಓದುವುದು ಇದನ್ನೇ. ಮೊದಲಿಗೆ ಅಲ್ಪ ಪ್ರಮಾಣಕ್ಕೂ ಭಾರಿ ಪ್ರಮಾಣಕ್ಕೂ ಹೆಚ್ಚಿನ ವ್ಯತ್ಯಾಸವಿಲ್ಲದೆ ಕಠಿಣ ಶಿಕ್ಷೆ ಇದ್ದಿತು. 2001ರ ತಿದ್ದುಪಡಿಯಿಂದ, ದೊರೆತ ವಸ್ತುವಿನ ತೂಕಕ್ಕೆ ತಕ್ಕಂತೆ ಶಿಕ್ಷೆಯನ್ನು ಮೂರು ಮೆಟ್ಟಿಲುಗಳಾಗಿ ವಿಂಗಡಿಸಲಾಯಿತು.

ಗಾಂಜಾ 1 ಕಿಲೋ ವರೆಗೆ, ಹೆರಾಯಿನ್ 5 ಗ್ರಾಂ ವರೆಗೆ ಇದ್ದರೆ ಅದನ್ನು ಅಲ್ಪ ಪ್ರಮಾಣವೆಂದು ಎಣಿಸುತ್ತಾರೆ. ಇದಕ್ಕೆ 1 ವರ್ಷದವರೆಗೆ ಕಠಿಣ ಸಜೆ ಅಥವಾ 10,000 ರೂಪಾಯಿಗಳವರೆಗೆ ಜುಲ್ಮಾನೆ, ಇಲ್ಲವೆ ಎರಡನ್ನೂ ವಿಧಿಸಬಹುದು. ಗಾಂಜಾ 20 ಕಿಲೋ, ಹೆರಾಯಿನ್ 250 ಗ್ರಾಂ ಮೀರಿದರೆ ಅದು ವಾಣಿಜ್ಯ ಪ್ರಮಾಣ. ಇದಕ್ಕೆ 10 ವರ್ಷಕ್ಕೆ ಕಡಮೆಯಿಲ್ಲದ, 20 ವರ್ಷದವರೆಗಿನ ಕಠಿಣ ಸಜೆಯ ಜೊತೆಗೆ 1 ಲಕ್ಷದಿಂದ 2 ಲಕ್ಷ ರೂಪಾಯಿಗಳವರೆಗೆ ಜುಲ್ಮಾನೆಯೂ ಉಂಟು. ಜಾಮೀನು ದೊರೆಯುವುದೂ ಬಹು ಕಷ್ಟ. ಇವೆರಡರ ನಡುವಿನ ಪ್ರಮಾಣಕ್ಕೆ 10 ವರ್ಷದವರೆಗೆ ಸಜೆಯೂ 1 ಲಕ್ಷ ರೂಪಾಯಿಗಳವರೆಗೆ ಜುಲ್ಮಾನೆಯೂ ಇವೆ. ಅಪರಾಧವು ಶಾಲಾ ಕಾಲೇಜುಗಳ ಸಮೀಪ ನಡೆದಿದ್ದರೆ, ಅಥವಾ ಅಪ್ರಾಪ್ತ ವಯಸ್ಕರನ್ನು ಅದಕ್ಕೆ ಬಳಸಿಕೊಂಡಿದ್ದರೆ, ಕನಿಷ್ಠಕ್ಕಿಂತ ಹೆಚ್ಚಿನ ಶಿಕ್ಷೆ ವಿಧಿಸುವಾಗ ನ್ಯಾಯಾಲಯವು ಅದನ್ನು ಗಣನೆಗೆ ತೆಗೆದುಕೊಳ್ಳಬಹುದು.

ಮಕ್ಕಳ ರಕ್ಷಣೆಗೆ ಮತ್ತೊಂದು ಕಾಯಿದೆಯೂ ಇದೆ. 2015ರ ಬಾಲನ್ಯಾಯ ಕಾಯಿದೆಯ 77ನೆಯ ಕಲಮಿನಂತೆ, ವೈದ್ಯರ ಆದೇಶವಿಲ್ಲದೆ ಮಗುವಿಗೆ ಮದ್ಯ, ಮಾದಕವಸ್ತು ಅಥವಾ ತಂಬಾಕನ್ನು ಕೊಡುವವನೂ, 78ನೆಯ ಕಲಮಿನಂತೆ ಮಗುವಿನ ಕೈಯಿಂದ ಮದ್ಯವನ್ನೋ ಮಾದಕವಸ್ತುವನ್ನೋ ಮಾರಿಸುವವನೂ ಸಾಗಿಸುವವನೂ 7 ವರ್ಷದವರೆಗೆ ಕಠಿಣ ಸಜೆಗೆ ಗುರಿಯಾಗುತ್ತಾರೆ. ಇಲ್ಲಿ ಮಗುವೆಂದರೆ 18 ವರ್ಷ ತುಂಬದವರು.

ಪೊಲೀಸರು ಹೇಗೆ ಕೆಲಸ ಮಾಡುತ್ತಾರೆ?

‘ಇಂಥ ಕಡೆ ಮಾರುತ್ತಾರೆಂದು ಊರಿಗೆಲ್ಲ ಗೊತ್ತು, ಪೊಲೀಸರೇಕೆ ಹಿಡಿಯುವುದಿಲ್ಲ?’ ಎಂಬ ಮಾತನ್ನು ಎಲ್ಲೆಡೆ ಕೇಳುತ್ತೇವೆ. ಊರಿಗೆ ಗೊತ್ತಿರುವುದು ಬೇರೆ, ನ್ಯಾಯಾಲಯದಲ್ಲಿ ರುಜುವಾತಾಗುವುದು ಬೇರೆ. ಶಿಕ್ಷೆ ಕಠಿಣವಾದಷ್ಟೂ ಕ್ರಮವೂ ಕಟ್ಟುನಿಟ್ಟಾಗಿರಬೇಕೆಂಬುದು ಈ ಕಾಯಿದೆಯ ನಿಲುವು. ಬಂದ ಮಾಹಿತಿಯನ್ನು ಅಧಿಕಾರಿಯು ಬರಹಕ್ಕಿಳಿಸಿ, ಅದರ ಪ್ರತಿಯನ್ನು 72 ಗಂಟೆಗಳೊಳಗೆ ಮೇಲಧಿಕಾರಿಗೆ ಕಳುಹಿಸತಕ್ಕದ್ದು. ಸೂರ್ಯೋದಯದಿಂದ ಸೂರ್ಯಾಸ್ತದವರೆಗೆ ವಾರಂಟ್ ಇಲ್ಲದೆ ಮನೆ ಶೋಧಿಸಬಹುದಾದರೂ, ರಾತ್ರಿಯ ವೇಳೆ ಹಾಗೆ ಶೋಧಿಸಬೇಕಾದರೆ ಅದರ ಕಾರಣವನ್ನು ಬರೆದಿಡಬೇಕು. ವ್ಯಕ್ತಿಯ ಮೈ ಶೋಧಿಸುವ ಮುನ್ನ, ಪತ್ರಾಂಕಿತ ಅಧಿಕಾರಿಯ ಅಥವಾ ಮ್ಯಾಜಿಸ್ಟ್ರೇಟರ ಸಮ್ಮುಖದಲ್ಲಿ ಶೋಧನೆ ನಡೆಯಬೇಕೆಂದು ಕೇಳುವ ಹಕ್ಕು ಅವನಿಗಿದೆಯೆಂದು ತಿಳಿಸಬೇಕು. ಹೆಂಗಸರನ್ನು ಹೆಂಗಸರೇ ಶೋಧಿಸಬೇಕು. ದೊರೆತ ವಸ್ತುವಿನ ಮಾದರಿಯನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಬೇಕು. ಇವುಗಳಲ್ಲಿ ಒಂದು ತಪ್ಪಿದರೂ ಮೊಕದ್ದಮೆ ಸಡಿಲವಾಗಿ, ಆರೋಪಿಯು ಬಿಡುಗಡೆಯಾಗಿ ಬರುವ ಸಂಭವವುಂಟು. ಪೊಲೀಸರು ಕೆಲವು ದಿನ ಕಾದು, ಕೊಳ್ಳುವ ಹುಡುಗನನ್ನು ಬಿಟ್ಟು ತರುವವನ ದಾರಿಯನ್ನು ನೋಡುವುದಕ್ಕೂ ಇದೇ ಕಾರಣ.

ಮಾಹಿತಿ ಕೊಟ್ಟವರ ಗತಿ ಏನು ಎಂಬುದು ಎಲ್ಲರ ಪ್ರಶ್ನೆ. ಅಪರಾಧದ ಮಾಹಿತಿ ತನಗೆ ಎಲ್ಲಿಂದ ಬಂದಿತೆಂದು ಹೇಳುವಂತೆ ಯಾವ ಅಧಿಕಾರಿಯನ್ನೂ ಒತ್ತಾಯಿಸುವಂತಿಲ್ಲವೆಂದು ಕಾಯಿದೆಯ 68ನೆಯ ಕಲಂ ವಿಧಿಸುತ್ತದೆ. ಕೇಂದ್ರದ ಮಾದಕವಸ್ತು ನಿಯಂತ್ರಣ ಸಂಸ್ಥೆಯು 2024ರ ಜುಲೈಯಲ್ಲಿ ಆರಂಭಿಸಿದ ‘ಮಾನಸ್’ ಸಹಾಯವಾಣಿಗೆ, ಅಂದರೆ 1933 ಸಂಖ್ಯೆಗೆ, ಹೆಸರು ಹೇಳದೆಯೂ ತಿಳಿಸಬಹುದು. ತುರ್ತು ಸಂದರ್ಭಕ್ಕೆ 112 ಇದ್ದೇ ಇದೆ. ಆದರೆ ಹಳೆಯ ಜಗಳದ ಸೇಡಿಗಾಗಿ ಸುಳ್ಳು ಮಾಹಿತಿ ಕೊಟ್ಟು ಒಬ್ಬರನ್ನು ಬಂಧನಕ್ಕೋ ಶೋಧನೆಗೋ ಗುರಿಪಡಿಸುವವರಿಗೆ ಇದೇ ಕಾಯಿದೆಯಲ್ಲಿ 2 ವರ್ಷದವರೆಗೆ ಸಜೆ ಇದೆಯೆಂಬುದನ್ನೂ ನೆನಪಿಡಬೇಕು. ಕಂಡದ್ದನ್ನು ಕಂಡಂತೆ, ಅಂದರೆ ಸ್ಥಳ, ವೇಳೆ, ವಾಹನದ ಸಂಖ್ಯೆ ಇವಿಷ್ಟನ್ನು ತಿಳಿಸಿದರೆ ಸಾಕು. ಮಾರುವವನನ್ನು ತಾವೇ ಹಿಡಿದು ಹೊಡೆಯಲು ಹೋಗುವುದು ಅಪಾಯ, ಅಪರಾಧವೂ ಹೌದು.

ಪೊಲೀಸರಲ್ಲದೆ ಇತರರ ಹೊಣೆ

ಈ ಕಾರ್ಯವನ್ನು ಠಾಣೆಯೊಂದರ ತಲೆಗೆ ಕಟ್ಟಿ ಉಳಿದವರು ಕೈಕಟ್ಟಿ ಕೂರುವಂತಿಲ್ಲ. ಜಿಲ್ಲೆಯಲ್ಲಿ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯಲ್ಲಿ, ಮಾದಕವಸ್ತು ನಿಯಂತ್ರಣಕ್ಕಾಗಿ ಇಲಾಖೆಗಳನ್ನು ಒಗ್ಗೂಡಿಸುವ ಸಮನ್ವಯ ಸಮಿತಿ ಇರುತ್ತದೆ. ಈ ಬಗೆಯ ವ್ಯವಸ್ಥೆಯನ್ನು 2019ರಲ್ಲಿ ಜಿಲ್ಲೆಯ ಮಟ್ಟದವರೆಗೆ ವಿಸ್ತರಿಸಲಾಯಿತು. 2020ರ ಆಗಸ್ಟ್ 15ರಂದು 272 ಜಿಲ್ಲೆಗಳಲ್ಲಿ ಆರಂಭವಾದ ನಶಾಮುಕ್ತ ಭಾರತ ಅಭಿಯಾನವು ಅನಂತರ ದೇಶದ ಎಲ್ಲ ಜಿಲ್ಲೆಗಳಿಗೂ ವ್ಯಾಪಿಸಿತು.

ಗ್ರಾಮಗಳಲ್ಲಿ ಪಂಚಾಯಿತಿಯವರ ಹೊಣೆ ಬರಿಯ ನೈತಿಕ ಹೊಣೆಯಲ್ಲ. ಹೊಲದಲ್ಲಿ ಅಕ್ರಮವಾಗಿ ಗಾಂಜಾ ಗಿಡ ಬೆಳೆದಿರುವುದು ತಿಳಿದುಬಂದಾಗ ಜಮೀನಿನ ಹಿಡುವಳಿದಾರನೂ, ಪಂಚಾಯಿತಿಯವರೂ, ಗ್ರಾಮಾಧಿಕಾರಿಯೂ ಕೂಡಲೇ ತಿಳಿಸತಕ್ಕದ್ದೆಂದು ಕಾಯಿದೆಯ 46 ಮತ್ತು 47ನೆಯ ಕಲಮುಗಳು ಹೇಳುತ್ತವೆ. ಮನೆ, ಅಂಗಡಿ ಅಥವಾ ವಾಹನವನ್ನು ಇಂಥ ಕೆಲಸಕ್ಕೆ ತಿಳಿದೂ ತಿಳಿದೂ ಬಿಟ್ಟುಕೊಡುವ ಮಾಲೀಕರೂ 25ನೆಯ ಕಲಮಿನಂತೆ ಶಿಕ್ಷಾರ್ಹರು. ಬಾಡಿಗೆಗೆ ಕೊಡುವವರು ವಿಚಾರಿಸಿ ಕೊಡುವುದು ಮೇಲು.

ಔಷಧಿ ಅಂಗಡಿಗಳ ಮೇಲೆ ಔಷಧ ನಿಯಂತ್ರಣಾಧಿಕಾರಿಗಳ ಕಣ್ಣಿರುತ್ತದೆ. 2014ರ ಮಾರ್ಚಿಯಿಂದ ಜಾರಿಯಲ್ಲಿರುವ ಎಚ್-1 ಅನುಸೂಚಿಯ ಔಷಧಿಗಳನ್ನು ಮಾರುವಾಗ ವೈದ್ಯರ ಹೆಸರು, ರೋಗಿಯ ಹೆಸರು ಮತ್ತು ಕೊಟ್ಟ ಪ್ರಮಾಣವನ್ನು ಪ್ರತ್ಯೇಕ ದಾಖಲೆ ಪುಸ್ತಕದಲ್ಲಿ ಬರೆದು 3 ವರ್ಷ ಇಡಬೇಕು. ಟ್ರಮಡಾಲ್ ಮಾತ್ರೆಯನ್ನು 2018ರಲ್ಲಿ ಮಾದಕವಸ್ತು ಕಾಯಿದೆಯ ವ್ಯಾಪ್ತಿಗೂ ತರಲಾಯಿತು. ಚೀಟಿ ಕೇಳದೆ ಇಂಥ ಮಾತ್ರೆ ಕೊಡುವ ಅಂಗಡಿಯ ಬಗ್ಗೆ ದೂರು ಕೊಡುವುದು ನೆರೆಯವರೆಲ್ಲರ ಮಕ್ಕಳಿಗೆ ಮಾಡಿದ ಉಪಕಾರ. ಶಾಲೆಗಳಲ್ಲಿ ಉಪಾಧ್ಯಾಯರು ದೀರ್ಘ ಗೈರುಹಾಜರಿಯನ್ನು ಗಮನಿಸಿ, ಹುಡುಗನನ್ನು ಹೊರದೂಡುವ ಬದಲು ಪೋಷಕರನ್ನು ಕರೆದು ಮಾತನಾಡಬೇಕು. ಶಾಲೆಯಿಂದ ಹೊರಬಿದ್ದ ಹುಡುಗನೇ ವ್ಯಾಪಾರಿಗೆ ಬೇಕಾದವನು. ಬೀದಿದೀಪವಿಲ್ಲದ ಓಣಿ, ಪಾಳುಬಿದ್ದ ಕಟ್ಟಡ, ಗಿಡಗಂಟಿ ಬೆಳೆದ ಖಾಲಿ ನಿವೇಶನ ಇವು ಮಾರಾಟದ ಆಶ್ರಯತಾಣಗಳು. ಇವನ್ನು ಸರಿಪಡಿಸುವುದು ಪುರಸಭೆ, ಪಂಚಾಯಿತಿಗಳ ಪಾಲಿನ ಕೆಲಸ.

ಬಂಧನವೊಂದೇ ಸಾಲದು

ಬರಿಯ ಬಂಧನದಿಂದ ಮಾರಾಟ ನಿಲ್ಲದೆಂಬುದು ಬೇರೆ ದೇಶಗಳಲ್ಲಿಯೂ ಕಂಡುಬಂದ ಸಂಗತಿ. ಅಮೆರಿಕದ ಉತ್ತರ ಕೆರೊಲಿನ ರಾಜ್ಯದ ಹೈ ಪಾಯಿಂಟ್ ನಗರದಲ್ಲಿ ವೆಸ್ಟ್ ಎಂಡ್ ಎಂಬ ಬಡಾವಣೆಯಿದೆ. ಅಲ್ಲಿ ಮಾದಕವಸ್ತುಗಳನ್ನು ಬಹಿರಂಗವಾಗಿಯೇ ಮಾರಲಾಗುತ್ತಿತ್ತು. ಪೊಲೀಸರು ವರ್ಷಗಟ್ಟಲೆ ದಾಳಿ ನಡೆಸಿದರೂ ಹಿಡಿದವರ ಜಾಗಕ್ಕೆ ಹೊಸಬರು ಬರುತ್ತಿದ್ದರು. 2004ರಲ್ಲಿ ಅವರು ಬೇರೆ ದಾರಿ ಹಿಡಿದರು. ಮೊದಲು ಪ್ರತಿಯೊಬ್ಬ ಮಾರಾಟಗಾರನ ಮೇಲೂ ಗಟ್ಟಿಯಾದ ಸಾಕ್ಷ್ಯವನ್ನು ಕೂಡಿಹಾಕಿದರು. ಹಿಂಸಾಕೃತ್ಯಗಳ ಇತಿಹಾಸವಿದ್ದವರನ್ನು ನೇರವಾಗಿ ನ್ಯಾಯಾಲಯಕ್ಕೆ ಒಪ್ಪಿಸಿದರು. ಉಳಿದ ಸಣ್ಣ ಮಾರಾಟಗಾರರನ್ನು ಮನೆಯವರೊಡನೆ ಒಂದು ಸಭೆಗೆ ಕರೆಸಿದರು. ನೆರೆಯವರು ಎದ್ದುನಿಂತು, ‘ನೀವು ನಮ್ಮವರು, ಆದರೆ ಈ ಕೆಲಸ ನಮಗೆ ಬೇಡ’ ಎಂಬ ಅರ್ಥದ ಮಾತುಗಳನ್ನಾಡಿದರು. ಮೊಕದ್ದಮೆ ಸಿದ್ಧವಿದೆಯೆಂದೂ, ಇಂದೇ ನಿಲ್ಲಿಸಿದರೆ ಅದನ್ನು ಮುಂದುವರಿಸುವುದಿಲ್ಲವೆಂದೂ, ಉದ್ಯೋಗ ಮತ್ತು ತರಬೇತಿಗೆ ನೆರವು ಸಿಗುವುದೆಂದೂ ಪೊಲೀಸರು ತಿಳಿಸಿದರು. ಆ ಬಡಾವಣೆಯಲ್ಲಿ ಬಹಿರಂಗ ಮಾರಾಟ ನಿಂತಿತು. ಅನಂತರ ಇತರ ನಗರಗಳು ಇದೇ ಕ್ರಮವನ್ನು ಅನುಸರಿಸಿದಾಗ ಫಲ ಎಲ್ಲೆಡೆಯೂ ಸಮನಾಗಿರಲಿಲ್ಲ.

ನಮ್ಮ ಕಾನೂನಿನಲ್ಲಿ ಇಂಥ ಅಪರಾಧದ ಮಾಹಿತಿ ದೊರೆತ ಮೇಲೆ ಪೊಲೀಸರು ಮೊಕದ್ದಮೆಯನ್ನು ದಾಖಲಿಸಲೇಬೇಕು, ಮಡಿಚಿ ಪೆಟ್ಟಿಗೆಯಲ್ಲಿಡುವಂತಿಲ್ಲ. ಆದ್ದರಿಂದ ಆ ಕ್ರಮವನ್ನು ಇದ್ದಂತೆಯೇ ಇಲ್ಲಿಗೆ ತರಲಾಗದು. ಆದರೂ ಅದರಿಂದ ಕಲಿಯಬೇಕಾದ ಪಾಠ ಮೂರು: ದೊಡ್ಡ ವ್ಯಾಪಾರಿಯನ್ನೂ ದಾರಿತಪ್ಪಿದ ಹುಡುಗನನ್ನೂ ಬೇರೆಬೇರೆಯಾಗಿ ನೋಡಬೇಕು, ಊರು ಬಾಯಿಬಿಟ್ಟು ಮಾತನಾಡಬೇಕು, ಬಿಟ್ಟುಬರುವವನಿಗೆ ಬರುವ ದಾರಿ ಇರಬೇಕು. ಈ ಮೂರನೆಯದಕ್ಕೆ ನಮ್ಮ ಕಾಯಿದೆಯಲ್ಲಿಯೂ ಸ್ಥಳವಿದೆ.

ವ್ಯಸನಿಗೆ ಕಾನೂನಿನ ರಕ್ಷಣೆ

ಮಾದಕವಸ್ತುವಿನ ಸೇವನೆಯೂ ಅಪರಾಧವೇ. ಹೆರಾಯಿನ್, ಕೊಕೇನ್ ಮೊದಲಾದವುಗಳ ಸೇವನೆಗೆ 1 ವರ್ಷದವರೆಗೂ ಗಾಂಜಾ ಮೊದಲಾದವುಗಳ ಸೇವನೆಗೆ 6 ತಿಂಗಳವರೆಗೂ ಸಜೆ ವಿಧಿಸಬಹುದು. ಆದರೆ ಕಾಯಿದೆಯ 64-ಎ ಕಲಮನ್ನು ಪ್ರತಿಯೊಬ್ಬ ತಂದೆತಾಯಿಯೂ ತಿಳಿದಿರಬೇಕು. ಸೇವನೆಯ ಆರೋಪಕ್ಕೋ ಅಲ್ಪ ಪ್ರಮಾಣದ ಅಪರಾಧದ ಆರೋಪಕ್ಕೋ ಒಳಗಾದ ವ್ಯಸನಿಯು ತಾನಾಗಿ ಮುಂದೆ ಬಂದು, ಸರ್ಕಾರದ ಅಥವಾ ಸರ್ಕಾರ ಮಾನ್ಯ ಮಾಡಿದ ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆದರೆ, ಆ ಅಪರಾಧಕ್ಕಾಗಿ ಅವನ ಮೇಲೆ ಮೊಕದ್ದಮೆ ನಡೆಸತಕ್ಕದ್ದಲ್ಲ. ಚಿಕಿತ್ಸೆಯನ್ನು ಅರ್ಧಕ್ಕೇ ಬಿಟ್ಟುಹೋದರೆ ಮಾತ್ರ ಈ ರಕ್ಷಣೆಯನ್ನು ಹಿಂತೆಗೆದುಕೊಳ್ಳಬಹುದು. ಅಪರಾಧ ರುಜುವಾತಾದ ಮೇಲೂ, ವ್ಯಸನಿಯು ಒಪ್ಪಿದರೆ ನ್ಯಾಯಾಲಯವು ಅವನನ್ನು ಸೆರೆಮನೆಗೆ ಕಳುಹಿಸದೆ ಚಿಕಿತ್ಸೆಗಾಗಿ ಬಿಡುಗಡೆ ಮಾಡಲು 39ನೆಯ ಕಲಂ ಅವಕಾಶ ಕೊಡುತ್ತದೆ.

ಮಗನನ್ನು ಆಸ್ಪತ್ರೆಗೆ ಕರೆದೊಯ್ದರೆ ಪೊಲೀಸರ ಕೈಗೆ ಒಪ್ಪಿಸಿದಂತೆ ಎಂಬ ಭಯಕ್ಕೂ ಆಧಾರವಿಲ್ಲ. ಮದ್ಯ ಮತ್ತು ಮಾದಕವಸ್ತುಗಳ ದುರ್ಬಳಕೆಯಿಂದ ಉಂಟಾಗುವ ಮಾನಸಿಕ ಸ್ಥಿತಿಗಳನ್ನು 2017ರ ಮಾನಸಿಕ ಆರೋಗ್ಯ ಪಾಲನಾ ಕಾಯಿದೆಯು ಕಾಯಿಲೆಯೆಂದೇ ಪರಿಗಣಿಸುತ್ತದೆ. ಅದರ 23ನೆಯ ಕಲಮಿನಂತೆ, ಕಾಯಿದೆಯೇ ಹೇಳಿರುವ ಕೆಲವು ಸಂದರ್ಭಗಳನ್ನು ಬಿಟ್ಟು, ರೋಗಿಯ ವಿವರಗಳು ಗೋಪ್ಯ. ರೋಗಿಯನ್ನು ಸರಪಳಿಯಲ್ಲಿ ಕಟ್ಟಿಹಾಕುವುದನ್ನೂ ಅದೇ ಕಾಯಿದೆ ನಿಷೇಧಿಸಿದೆ. ಹೊಡೆದು, ಕೂಡಿಹಾಕಿ ಚಟ ಬಿಡಿಸುತ್ತೇವೆನ್ನುವ ನೋಂದಣಿಯಿಲ್ಲದ ಕೇಂದ್ರಗಳಿಗೆ ಹಣ ಸುರಿದು ಮೋಸಹೋಗಬಾರದು.

ಚಿಕಿತ್ಸೆಗೆ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ವ್ಯಸನ ಚಿಕಿತ್ಸಾ ವಿಭಾಗವೂ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆಯೂ ಇವೆ. ದೂರ ಹೋಗಲಾಗದವರು ಜಿಲ್ಲಾ ಆಸ್ಪತ್ರೆಯ ಮನೋವೈದ್ಯರನ್ನು ಕಾಣಬಹುದು. 1980ರ ದಶಕದಲ್ಲಿ ನಿಮ್ಹಾನ್ಸ್ ಸಂಸ್ಥೆಯು ಬಳ್ಳಾರಿ ಜಿಲ್ಲೆಯಲ್ಲಿ ನಡೆಸಿದ ಪ್ರಯೋಗವೇ ಮುಂದೆ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತೆಂಬುದು ಕನ್ನಡಿಗರಿಗೆ ಹೆಮ್ಮೆಯ ವಿಷಯ. ವ್ಯಸನಮುಕ್ತಿಯ ಸಲಹೆಗೆ 14446, ಮಾನಸಿಕ ಆರೋಗ್ಯದ ಸಲಹೆಗೆ ‘ಟೆಲಿ ಮಾನಸ್’ 14416 ಸಂಖ್ಯೆಗಳಿಗೆ ಕರೆ ಮಾಡಬಹುದು.

ಮನೆಯವರು ಗಮನಿಸಬೇಕಾದ ಲಕ್ಷಣಗಳು

ಓದಿನಲ್ಲಿ ಹಠಾತ್ತಾಗಿ ಹಿಂದೆ ಬೀಳುವುದು, ಹಳೆಯ ಗೆಳೆಯರನ್ನು ಬಿಟ್ಟು ಹೊಸಬರ ಸಂಗ, ಮನೆಯ ಹಣವೂ ಸಾಮಾನುಗಳೂ ಕಾಣೆಯಾಗುವುದು, ಕೆಂಪಗಾದ ಕಣ್ಣು, ಹೊತ್ತಲ್ಲದ ಹೊತ್ತಿನ ನಿದ್ರೆ, ಊಟ ಸೇರದಿರುವುದು, ಕಾರಣವಿಲ್ಲದ ಸಿಡುಕು, ತೋಳಿನ ಮೇಲೆ ಸೂಜಿಯ ಗುರುತು, ಇವು ಎಚ್ಚರಿಕೆಯ ಲಕ್ಷಣಗಳು. ಇವುಗಳಲ್ಲಿ ಒಂದೆರಡು ಕಂಡ ಮಾತ್ರಕ್ಕೆ ಮಗನೋ ಮಗಳೋ ವ್ಯಸನಿಯೆಂದು ತೀರ್ಮಾನಿಸಬಾರದು. ಪ್ರಾಯದ ಮಕ್ಕಳಲ್ಲಿ ಬೇರೆ ಕಾರಣಗಳಿಂದಲೂ ಇವು ಕಂಡುಬರುತ್ತವೆ. ಕೂರಿಸಿಕೊಂಡು ಸಮಾಧಾನದಿಂದ ಕೇಳಬೇಕು. ವೈದ್ಯರ ಅಭಿಪ್ರಾಯ ಪಡೆಯಬೇಕು. ಸೂಜಿ ಹಂಚಿಕೊಳ್ಳುವುದರಿಂದ ಎಚ್.ಐ.ವಿ. ಮತ್ತು ಯಕೃತ್ತಿಗೆ ತಗಲುವ ಹೆಪಟೈಟಿಸ್ ಬಿ, ಸಿ ಸೋಂಕುಗಳು ಹರಡುತ್ತವೆ. ಆದ್ದರಿಂದ ಅಂಥವರ ರಕ್ತಪರೀಕ್ಷೆ ಅಗತ್ಯ. ವಿವಾಹಿತರಾಗಿದ್ದರೆ ಸಂಗಾತಿಯದೂ ಅಗತ್ಯ. ಬಹುಕಾಲ ಅಫೀಮು, ಹೆರಾಯಿನ್ ಅಥವಾ ನಿದ್ರೆಯ ಮಾತ್ರೆಗಳಿಗೆ ಒಗ್ಗಿಹೋದವರು ವೈದ್ಯರ ಸಲಹೆಯಿಲ್ಲದೆ ಥಟ್ಟನೆ ನಿಲ್ಲಿಸುವುದು ಸರಿಯಲ್ಲ. ನಿದ್ರೆಯ ಮಾತ್ರೆಗಳ ವಿಷಯದಲ್ಲಿ ಇದರಿಂದ ಅಪಸ್ಮಾರದಂಥ ಸೆಳೆತವೂ ಬರಬಹುದು. ಬಿಟ್ಟ ಚಟ ಮತ್ತೆ ಮರುಕಳಿಸಿದರೆ ಹತಾಶರಾಗದೆ, ಅದೂ ಕಾಯಿಲೆಯ ಸ್ವಭಾವವೆಂದರಿತು ಚಿಕಿತ್ಸೆಯನ್ನು ಮುಂದುವರಿಸಬೇಕು.

ನೆನಪಿನಲ್ಲಿಡಬೇಕಾದ ಅಂಶಗಳು

1. ಮಾರುವವನ ವಿಷಯ ಠಾಣೆಗೆ, ಚಟಕ್ಕೆ ಸಿಕ್ಕವನ ವಿಷಯ ಆಸ್ಪತ್ರೆಗೆ. ಎರಡನ್ನೂ ಮುಚ್ಚಿಡಬಾರದು.

2. ಮಾಹಿತಿ ಕೊಟ್ಟವರು ಯಾರೆಂದು ಹೇಳುವಂತೆ ಅಧಿಕಾರಿಯನ್ನು ಒತ್ತಾಯಿಸುವಂತಿಲ್ಲ. 1933ಕ್ಕೆ ಹೆಸರು ಹೇಳದೆಯೂ ತಿಳಿಸಬಹುದು.

3. ಅಲ್ಪ ಪ್ರಮಾಣದ ಅಪರಾಧದಲ್ಲಿ ಸಿಲುಕಿದ ವ್ಯಸನಿಯು ತಾನಾಗಿ ಚಿಕಿತ್ಸೆಗೆ ಬಂದು ಅದನ್ನು ಪೂರೈಸಿದರೆ ಕಾನೂನು ರಕ್ಷಣೆ ಕೊಡುತ್ತದೆ.

4. ಮಕ್ಕಳ ಕೈಯಿಂದ ಮಾದಕವಸ್ತು ಮಾರಿಸುವುದು ಘೋರ ಅಪರಾಧ. ಅಂಥ ಮಗುವನ್ನು ದೂಷಿಸದೆ ರಕ್ಷಿಸಬೇಕು.

5. ಚಿಕಿತ್ಸೆಯನ್ನು ಅರ್ಧಕ್ಕೆ ಬಿಡಬಾರದು.

ವ್ಯಸನಿಯು ಇನ್ನೊಬ್ಬರ ಮನೆಯ ಮಗನಲ್ಲ, ನಮ್ಮ ಊರಿನ ಮಗನೇ. ಅವನು ದುಡಿಯುವ ಕೈ, ನಾಳೆ ಒಂದು ಸಂಸಾರದ ಆಧಾರ. ಅವನಿಗೆ ವಸ್ತುವನ್ನು ಮಾರಿದವನು ಅವನ ಮನೆಯವರ ಅಂಜಿಕೆಯನ್ನು ನಂಬಿಕೊಂಡೇ ಬದುಕುತ್ತಾನೆ. ಮನೆಯ ಹಿರಿಯರು ವೈದ್ಯರ ಬಾಗಿಲು ತಟ್ಟಿದ ದಿನ ಅವನೊಬ್ಬ ಗಿರಾಕಿಯನ್ನು ಕಳೆದುಕೊಳ್ಳುತ್ತಾನೆ. ನೆರೆಯವರು ಠಾಣೆಗೆ ಸುದ್ದಿ ಮುಟ್ಟಿಸಿದ ದಿನ ಅವನು ನಿಲ್ಲುವ ಜಾಗವನ್ನೇ ಕಳೆದುಕೊಳ್ಳುತ್ತಾನೆ. ಈ ಎರಡು ಕೆಲಸಗಳನ್ನೂ ಯಾವ ಇಲಾಖೆಯೂ ನಮ್ಮ ಪರವಾಗಿ ಮಾಡಲಾರದು.